ಮನೆತನದ ಚರಿತ್ರೆಯಲ್ಲಿ ಸಾಕ್ಷ್ಯಗಳ ಕಲಹ

ಚರಿತ್ರೆಯೆಂದೊಡನೆ ನಮಗೆ ನೆನಪಾಗುವುದು ರಾಜವಂಶಗಳು, ಯುದ್ಧಗಳು, ದಾನಶಾಸನಗಳು. ಆದರೆ ಒಂದು ಸಾಮಾನ್ಯ ಮನೆತನಕ್ಕೂ ಚರಿತ್ರೆಯುಂಟು. ಅದರ ಆಕರಗಳು ಹಳೆಯ ಪಂಚಾಂಗದ ಅಂಚಿನಲ್ಲಿ, ಜಾತಕದಲ್ಲಿ, ಪಾಲುಪಟ್ಟಿಯಲ್ಲಿ, ತೀರ್ಥಕ್ಷೇತ್ರದ ಪುರೋಹಿತರ ವಹಿಗಳಲ್ಲಿ ಚದುರಿಹೋಗಿವೆ. ಇವನ್ನು ಒಂದೆಡೆ ಕೂಡಿಸಲು ಹೊರಟವರನ್ನು ಆಕರಗಳ ಅಭಾವಕ್ಕಿಂತ ಅವುಗಳ ಪರಸ್ಪರ ವಿರೋಧವೇ ಹೆಚ್ಚಾಗಿ ಕಾಡುತ್ತದೆ. ಆಗ ಕೆಲವರು ಹಳೆಯದೇ ನಿಜವೆನ್ನುತ್ತಾರೆ. ಕೆಲವರು ಸರ್ಕಾರದ ಮುದ್ರೆಯಿರುವುದನ್ನು ಮಾತ್ರ ನಂಬುತ್ತಾರೆ. ಬರೆದವರಾರು, ಯಾವಾಗ ಬರೆದರು, ಯಾವ ಪ್ರಯೋಜನಕ್ಕಾಗಿ ಬರೆದರು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾವ ಪಕ್ಷವನ್ನೂ ಹಿಡಿಯಲಾಗದು.

ಕೆಲವು ವಿರೋಧಗಳು ಬರಿಯ ತೋರಿಕೆಯವು. ಗಯಾಶ್ರಾದ್ಧ ನಡೆದ ದಿನ ಮಾಘ ಬಹುಳ ಚತುರ್ದಶಿಯೆಂದು ಮನೆಯ ಕಡತ ಹೇಳುತ್ತದೆ. ಗಯೆಯ ವಹಿ ಅದನ್ನೇ ಫಾಲ್ಗುಣ ಕೃಷ್ಣ ಚತುರ್ದಶಿಯೆನ್ನುತ್ತದೆ. ಎರಡೂ ನಿಜ. ನಮ್ಮ ಚಾಂದ್ರಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದವರದು ಹುಣ್ಣಿಮೆಗೆ. ಆದ್ದರಿಂದ ಕೃಷ್ಣಪಕ್ಷದಲ್ಲಿ ತಿಂಗಳ ಹೆಸರು ಬೇರೆಯಾಗುತ್ತದೆ. ನಡುರಾತ್ರಿ ಕಳೆದ ಮೇಲೆ ಸತ್ತವರ ವಿಷಯದಲ್ಲಿ ಮನೆಯ ವಾರಕ್ಕೂ ಕಚೇರಿಯ ವಾರಕ್ಕೂ ಒಂದು ದಿನದ ಅಂತರ ಬರುವುದುಂಟು. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಕಚೇರಿಯದು ನಡುರಾತ್ರಿಗೆ.

ಸಂವತ್ಸರದ ತೊಡಕು ಇದಕ್ಕಿಂತ ದೊಡ್ಡದು. ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳುವುದರಿಂದ, ಶಕವರ್ಷವಿಲ್ಲದ ‘ಧಾತು ಸಂವತ್ಸರ’ವು 1816 ಆಗಬಹುದು, 1876 ಆಗಬಹುದು, 1936 ಆಗಬಹುದು. ಅದರಲ್ಲಿಯೂ 1876ರ ಧಾತು, ಅದರ ಮರುವರ್ಷದ ಈಶ್ವರ, ಇವು ಮಹಾಕ್ಷಾಮದ ಕಾಲ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ವರ್ಷ ಜನಮನದಲ್ಲಿ ಗೂಟದಂತೆ ನಿಲ್ಲುತ್ತದೆ. ಆಚೀಚೆಯ ಹುಟ್ಟುಸಾವುಗಳನ್ನೆಲ್ಲ ತಂದು ಅದಕ್ಕೇ ಕಟ್ಟುತ್ತಾರೆ.

ಕಾಗದಗಳ ಸಂಖ್ಯೆಯಿಂದಲೂ ನಿರ್ಣಯವಾಗದು. ಹಿಂದಿನ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಉಪಾಧ್ಯಾಯರು ಅಂದಾಜಿನ ಮೇಲೆ ಒಂದು ಜನ್ಮದಿನಾಂಕವನ್ನು ಬರೆದುಕೊಳ್ಳುತ್ತಿದ್ದುದುಂಟು. ಅದೇ ಮುಂದೆ ಪರೀಕ್ಷೆಯ ಪ್ರಮಾಣಪತ್ರಕ್ಕೆ, ಸೇವಾಪುಸ್ತಕಕ್ಕೆ, ನಿವೃತ್ತಿವೇತನದ ಕಾಗದಕ್ಕೆ ಏರುತ್ತದೆ. ಕಾಗದ ನಾಲ್ಕು, ಸಾಕ್ಷಿ ಒಂದೇ. ಎದುರಿಗೆ ಒಂಟಿಯಾಗಿ ನಿಂತ ಜಾತಕವನ್ನು ಹೆರಿಗೆಯ ದಿನಗಳಲ್ಲಿಯೇ ಬರೆದಿದ್ದರೆ ತೂಕ ಅದಕ್ಕೇ ಹೆಚ್ಚು.

ನಮ್ಮ ಮನೆತನದ ಒಂದು ಸಂಗತಿಯನ್ನು ನಿದರ್ಶನವಾಗಿ ಹೇಳುತ್ತೇನೆ. ವಂಶವೃಕ್ಷದಲ್ಲಿ ಮುತ್ತಜ್ಜನಿಗೆ ಒಬ್ಬಳೇ ಪತ್ನಿ. ಆದರೆ ಗಯೆಯ ವಹಿಯಲ್ಲಿ ಅಜ್ಜ ತನ್ನ ತಾಯಿಯದೆಂದು ಬರೆಯಿಸಿದ ಹೆಸರೇ ಬೇರೆ. ಮದುವೆಯಲ್ಲಿ ಹೆಣ್ಣಿನ ಹೆಸರನ್ನು ಬದಲಿಸುವ ಪದ್ಧತಿ ನಮ್ಮಲ್ಲಿತ್ತು. ಒಂದು ತವರಿನ ಹೆಸರು, ಇನ್ನೊಂದು ಗಂಡನ ಮನೆಯದು ಎಂದು ಹಿರಿಯರು ಸಮಾಧಾನ ಹೇಳಿದರು. ಸಮಾಧಾನ ಸುಲಭವಾಗಿತ್ತು, ಸಾಲದಾಗಿತ್ತು.

ಮುತ್ತಜ್ಜನ ಮರಣಾನಂತರ ಆದ ಪಾಲುಪಟ್ಟಿಯಲ್ಲಿ ಅವನ ವಿಧವೆಗೆ ಜೀವನಾಂಶವನ್ನು ನಿಗದಿ ಮಾಡಿದೆ. ಅಲ್ಲಿರುವುದು ವಂಶವೃಕ್ಷದ ಹೆಸರು. ಇತ್ತ ಅಜ್ಜನ ಕೈಬರಹದ ಶ್ರಾದ್ಧದ ಪಟ್ಟಿಯಲ್ಲಿ ತಾಯಿಯ ಹೆಸರಿಗೆ ಅವಿಧವಾ ನವಮಿಯನ್ನು ಗುರುತಿಸಿದೆ. ಪಿತೃಪಕ್ಷದ ಆ ನವಮಿ, ಗಂಡನಿರುವಾಗಲೇ ತೀರಿಕೊಂಡ ಸುಮಂಗಲಿಯರಿಗೆ ಸಲ್ಲುವ ದಿನ. ಮುತ್ತೈದೆಯಾಗಿ ತೀರಿಕೊಂಡವಳು ವಿಧವೆಯಾಗಿ ಜೀವನಾಂಶ ಪಡೆಯುವುದು ಹೇಗೆ? ಅವರು ಇಬ್ಬರು ಹೆಂಗಸರು. ಅಜ್ಜನನ್ನು ಹೆತ್ತವಳು ಮೊದಲನೆಯವಳು. ವಂಶವೃಕ್ಷದಲ್ಲಿ ಉಳಿದವಳು ಎರಡನೆಯವಳು.

ಹಾಗಾದರೆ ವಂಶವೃಕ್ಷ ಸುಳ್ಳು ಹೇಳಿತೇ? ಅದನ್ನು ಸಿದ್ಧಪಡಿಸಿದ್ದು ಆಸ್ತಿಯ ಹಂಚಿಕೆಗಾಗಿ. ಹಕ್ಕುದಾರರ ಹೆಸರು ಅದಕ್ಕೆ ಬೇಕಿತ್ತು. ತೀರಿಹೋದ ಹೆಂಡತಿಗೆ ಜಮೀನಿನಲ್ಲಿ ಹಕ್ಕಿರಲಿಲ್ಲ, ಆದ್ದರಿಂದ ಹೆಸರೂ ಇರಲಿಲ್ಲ. ಶ್ರಾದ್ಧದ ಪಟ್ಟಿಗೆ ಬೇಕಿದ್ದುದು ಪಿಂಡ ಸಲ್ಲಬೇಕಾದವರ ಹೆಸರು. ಜಮೀನಿನ ಕಾಗದ ಮರೆತವಳನ್ನು ಮಗನ ಋಣ ನೆನಪಿಟ್ಟಿತು.

ಈಗ ವಂಶವೃಕ್ಷದಲ್ಲಿ ಆಕೆಯ ಹೆಸರನ್ನು ಸೇರಿಸಿದ್ದೇನೆ. ಹಳೆಯ ಪ್ರತಿಯನ್ನು ತಿದ್ದದೆ, ಬದಿಯಲ್ಲಿ ಆಧಾರಗಳನ್ನು ಬರೆದಿದ್ದೇನೆ. ಆಕೆ ಧಾತುವಿನ ಬರದಲ್ಲಿ ತೀರಿಕೊಂಡಳೆಂಬ ಮಾತು ಮನೆಯಲ್ಲಿದೆ; ಅದಕ್ಕೆ ಬೇರೆ ಸಾಕ್ಷ್ಯವಿಲ್ಲದ್ದರಿಂದ ‘ಮನೆಯವರ ಹೇಳಿಕೆ’ ಎಂದಷ್ಟೇ ಗುರುತಿಸಿದ್ದೇನೆ. ತಮ್ಮ ಮನೆಗಳಲ್ಲಿ ಇಂಥ ಕಾಗದಗಳಿರುವವರು ಒಂದಕ್ಕೊಂದು ಹೊಂದದ್ದನ್ನು ಹರಿದೆಸೆಯದಿರಲಿ. ಆ ಹೊಂದದಿರುವ ಜಾಗದಲ್ಲಿಯೇ ಮರೆತುಹೋದವರೊಬ್ಬರು ನಿಂತಿರಬಹುದು.