ಬಾರ ಬಿದ್ದರೆ ಎಂಟು

ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದರೆ ದಾಳ ಸಿದ್ಧ. ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಹುಣಸೆಗೇನು ಬರ? ಕವಡೆಯಿಲ್ಲದ ಮನೆಯಲ್ಲೂ ಚೌಕಾಬಾರ ನಡೆಯುತ್ತದೆ. 25 ಮನೆ, ನಾಲ್ಕು ಬೀಜ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಲ್ಲವೂ ಬಿಳಿ ಬಿದ್ದರೆ ಚೌಕ, ಎಲ್ಲವೂ ಕಪ್ಪಾದರೆ ಬಾರ. ಮರಾಠಿ, ಹಿಂದೂಸ್ತಾನಿಯಲ್ಲಿ ಬಾರಾ ಎಂದರೆ 12. ಇಲ್ಲಿ ಬಾರ ಬಿದ್ದರೆ ಕಾಯಿ ನಡೆಯುವುದು 8 ಮನೆ. ಆಂಧ್ರಕ್ಕೆ ಒತ್ತಿಕೊಂಡ ಪಾವಗಡದ ತೆಲುಗು ಮಾತಿನಲ್ಲಿ ಇದೇ ಆಟ ಅಷ್ಟಾ ಚೆಮ್ಮ, ಅಲ್ಲಿ ಹೆಸರೇ ಎಂಟು. ಹೆಸರು ಏನೇ ಇರಲಿ, ಜಗಲಿಯಲ್ಲಿ ಕೂತವರು ಬಾರಕ್ಕೆ ಹನ್ನೆರಡು ಮನೆ ಕೇಳುವುದಿಲ್ಲ. ಆಟದ ಮಾತಿಗೆ ಆಡುವವರ ರೂಢಿಯೇ ಅರ್ಥ ಕೊಡುತ್ತದೆ ಎನ್ನಲು ಇಷ್ಟು ಸಾಕ್ಷಿ ಸಾಕು.

ಈ ರೂಢಿಗೆ ನಿಜವಾದ ಪರೀಕ್ಷೆ ಕಡಿಯುವ ನಿಯಮದಲ್ಲಿ. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಸರಿ. ಒಮ್ಮೆ ಕಡಿದರೆ ನಾಲ್ಕು ಕಾಯಿಗೂ ದಾರಿ ಬಿಟ್ಟಿತೇ, ಒಂದೊಂದು ಕಾಯಿಯೂ ಕಡಿಯಬೇಕೇ? ನಿಯಮದ ಮಾತು ಎರಡಕ್ಕೂ ಒಗ್ಗುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲೂ ಮಂತ್ರದ ಮಾತಿಗೆ ಎರಡರ್ಥ ಬಂದು ಜಗಳವಾಗುವುದುಂಟು. ಅಲ್ಲಿ ತೀರ್ಪು ಹೇಳಲು ಆಟ ನಡೆಸುವವನೊಬ್ಬ ಇರುತ್ತಾನೆ. ಚೌಕಾಬಾರದಲ್ಲಿ ಎಲ್ಲರೂ ಆಟಗಾರರೇ. ಹಾಗಾಗಿ ನಿಯಮ ಯಾತಕ್ಕಿದೆ ಎಂದೇ ಕೇಳಬೇಕು. ಅವಿತು ಆಡುವವನನ್ನು ಬಯಲಿಗೆಳೆಯಲು ಒಂದು ಕಡಿತ ಸಾಕು. ಪ್ರತಿ ಕಾಯಿಗೂ ಒಂದೆಂದರೆ ನಾಲ್ವರಿಗೆ 16 ಕಡಿತ, ಕಡಿಸಿಕೊಂಡ ಕಾಯಿ ಮತ್ತೆ ಮೊದಲ ಮನೆಯಿಂದ. ಆಟ ಹಣ್ಣಾಗುವುದು ಯಾವಾಗ? ಒಂದು ಕಡಿತದ ಅರ್ಥವೇ ಸರಿಯೆಂದು ನಾನು ವಾದಿಸುವುದು ಇದಕ್ಕೆ.

ಈ ನಿಯಮಗಳಿಗೆ ಬರೆದಿಟ್ಟ ಮೂಲವೊಂದಿತ್ತು, ಹಳ್ಳಿಯ ಬಾಯಲ್ಲಿ ಕೆಟ್ಟಿತು ಎನ್ನುವವರಿದ್ದಾರೆ. ಮೊಗಲ್ ದರ್ಬಾರಿನ ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಚೌಪರ್ ಆಟದ ನಿಯಮ ಬರೆದದ್ದು ನಿಜ. 1687ರ ನಂತರ ಶಿರಾ ಮೊಗಲರ ಸುಬಾ ಆದದ್ದೂ ನಿಜ. ಇವೆರಡನ್ನು ಜೋಡಿಸಿ ಚೌಕಾಬಾರಕ್ಕೆ ದರ್ಬಾರಿನ ಹುಟ್ಟು ಕಟ್ಟಲು ಆಧಾರವಿಲ್ಲ. ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿಯಲ್ಲಿ ಆಟಗಳನ್ನು ದಾಖಲಿಸಿದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಹೊಸ ಹಾಸುಗಳನ್ನು ಕಟ್ಟಿದವರು. ಬರೆದಿಟ್ಟ ಅರಮನೆಯೇ ಬದಲಿಸಿತೆಂದರೆ ಹಳ್ಳಿಯದನ್ನು ಮಾತ್ರ ಕೆಡುಕೆನ್ನುವುದು ನ್ಯಾಯವಲ್ಲ. ಹಾಗಾದರೆ ಗೆಲ್ಲುವವನು ನಡುವೆ ನಿಯಮ ತಿರುಚುವುದಿಲ್ಲವೇ ಎಂಬ ಪ್ರಶ್ನೆ ಗಟ್ಟಿಯಾದದ್ದು. ಉತ್ತರ ಹೊತ್ತಿನಲ್ಲಿದೆ: ಮೊದಲ ಗರ ಬೀಳುವ ಮುಂಚೆ ಯಾರು ಗೆಲ್ಲುತ್ತಾರೆಂದು ಯಾರಿಗೂ ತಿಳಿಯದು, ಆಗ ಒಪ್ಪಿದ ಮಾತಿನಲ್ಲಿ ಸ್ವಾರ್ಥ ನುಸುಳುವುದು ಕಷ್ಟ. ಪಾವಗಡದಿಂದ ಶಿರಾಕ್ಕೆ ಬಂದ ಸೊಸೆ ಅಷ್ಟ ಎಂದರೂ ಅತ್ತೆ ಬಾರ ಎಂದರೂ ಕಾಯಿ ಎಂಟೇ ಮನೆ ನಡೆಯುತ್ತದೆ. ಬೀಜ ಕೈಗೆತ್ತಿಕೊಳ್ಳುವ ಮೊದಲು ಇಬ್ಬರೂ ಕೇಳಿಕೊಳ್ಳಬೇಕಾದದ್ದು ಕಡಿತದ ಲೆಕ್ಕ.