ಲೆನ್ಸಿನ ಹುಣ್ಣಿನ ಜಾಡು ಹಿಡಿದವರು

1970ರ ದಶಕದ ಮೊದಲರ್ಧದಲ್ಲಿ ಬ್ರಿಟನ್ ಮತ್ತು ಅಮೆರಿಕದ ಕೆಲವು ಕಣ್ಣಿನ ವೈದ್ಯರು ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದ ಹುಣ್ಣೊಂದನ್ನು ಕಂಡರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಬೆಳ್ಳಗಾಗುತ್ತಿತ್ತು, ನೋವು ತಡೆಯಲಾಗುತ್ತಿರಲಿಲ್ಲ. ಕಾರಣ ಅಕಾಂತಮೀಬಾ: ಮಣ್ಣಿನಲ್ಲಿ, ಕೆರೆಯಲ್ಲಿ, ನಲ್ಲಿ ನೀರಿನಲ್ಲೂ ಬದುಕುವ ಏಕಕೋಶ ಜೀವಿ. ಪರಿಸ್ಥಿತಿ ಕೆಟ್ಟರೆ ಇದು ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಅಡಗುತ್ತದೆ. ಆ ಕವಚವೇ ಔಷಧಿಗೆ ದೊಡ್ಡ ತಡೆ.

ಆಗ ಇದು ಅಪರೂಪದ ಕಾಯಿಲೆ. 1985ರ ಹೊತ್ತಿಗೆ ಅಮೆರಿಕದಲ್ಲಿ ರೋಗಿಗಳು ದಿಢೀರನೆ ಹೆಚ್ಚಿದರು, ಅವರಲ್ಲಿ ಬಹುಪಾಲು ಜನ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು. ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ ತನಿಖೆಗಾರರು ರೋಗಿಗಳಿಗೂ ರೋಗ ಬಾರದ ಲೆನ್ಸ್ ಬಳಕೆದಾರರಿಗೂ ಒಂದೇ ಪ್ರಶ್ನೆಗಳನ್ನು ಕೇಳಿದರು. ರೋಗಿಗಳಲ್ಲಿ ಶೇ. 78 ಮಂದಿ ಲೆನ್ಸಿಗೆ ಮನೆಯಲ್ಲೇ ಉಪ್ಪುನೀರು ತಯಾರಿಸಿಕೊಳ್ಳುತ್ತಿದ್ದರು. ಉಳಿದವರಲ್ಲಿ ಆ ರೂಢಿ ಶೇ. 30 ಮಾತ್ರ. ಸೂಕ್ಷ್ಮದರ್ಶಕ ಜೀವಿಯನ್ನು ತೋರಿಸಿತ್ತು. ಅದು ಕಣ್ಣಿಗೆ ಬಂದ ದಾರಿಯನ್ನು ತೋರಿಸಿದ್ದು ಈ ಪ್ರಶ್ನೆಗಳು.

1989ರಲ್ಲಿ ಇನ್ನೊಂದು ಅಧ್ಯಯನ ನಿದ್ದೆಯ ಪಾತ್ರವನ್ನು ಅಳೆಯಿತು. ರಾತ್ರಿಯೂ ಧರಿಸುವ ಮೃದು ಲೆನ್ಸಿನವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು 21 ಮಂದಿಗೆ ಹುಣ್ಣಾಗುತ್ತಿತ್ತು. ಹಗಲಷ್ಟೇ ಧರಿಸುವ ಲೆನ್ಸಿನವರಲ್ಲಿ ನಾಲ್ವರಿಗೆ.

ಅತ್ಯಂತ ಜಟಿಲ ತನಿಖೆ ನಡೆದದ್ದು 2006ರಲ್ಲಿ. ಸಿಂಗಪುರ ಮತ್ತು ಹಾಂಗ್‌ಕಾಂಗ್, ಬಳಿಕ ಅಮೆರಿಕದಲ್ಲಿ ಲೆನ್ಸ್ ಧರಿಸುವವರ ಕಣ್ಣಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರ ತಗುಲಿತು. ಅಮೆರಿಕವೊಂದರಲ್ಲೇ 164 ಪ್ರಕರಣಗಳು ಖಚಿತವಾದವು. ಮೂವರಲ್ಲಿ ಒಬ್ಬರಿಗೆ ಕಾರ್ನಿಯಾ ಕಸಿ ಬೇಕಾಯಿತು. ಬಾಶ್ ಆ್ಯಂಡ್ ಲಾಂಬ್ ಕಂಪನಿಯ 'ರೆನ್ಯೂ ವಿತ್ ಮಾಯಿಶ್ಚರ್‌ಲಾಕ್' ದ್ರಾವಣದತ್ತ ಬೆರಳು ಹೊರಳಿತು. ಆದರೆ ತೆರೆಯದ ಬಾಟಲಿಗಳಲ್ಲಿ ಶಿಲೀಂಧ್ರವೇ ಸಿಗಲಿಲ್ಲ! ರೋಗಿಗಳಲ್ಲಿ ಸಿಕ್ಕಿದ್ದೂ ಒಂದೇ ತಳಿಯಲ್ಲ. ಅಂದರೆ ಶಿಲೀಂಧ್ರ ಕಾರ್ಖಾನೆಯಿಂದ ಬಂದಿರಲಿಲ್ಲ, ಅವರವರ ಮನೆಯ ಪರಿಸರದಿಂದ ಬಂದಿತ್ತು. ದ್ರಾವಣ ಅದನ್ನು ಕೊಲ್ಲಲು ಸೋತಿತ್ತು. ದ್ರಾವಣ ಒಣಗಿದಾಗ ಉಳಿಯುವ ಪೊರೆ ಶಿಲೀಂಧ್ರಕ್ಕೆ ಆಸರೆಯಾಗಬಲ್ಲದೆಂದು ಪ್ರಯೋಗಗಳು ತೋರಿಸಿದವು. ಮೇ ತಿಂಗಳಲ್ಲಿ ಆ ದ್ರಾವಣವನ್ನು ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಮರುವರ್ಷ ಅಕಾಂತಮೀಬಾ ಸೋಂಕಿನ ತನಿಖೆಯ ನಂತರ ಬೇರೊಂದು ಕಂಪನಿಯ ದ್ರಾವಣವೂ ಮಾರುಕಟ್ಟೆಯಿಂದ ಹೊರಬಿತ್ತು. ತಾಜಾ ದ್ರಾವಣದ ಮೇಲಿನ ಪ್ರಯೋಗಾಲಯ ಪರೀಕ್ಷೆಯೊಂದೇ ಸಾಲದು, ಜನ ಅದನ್ನು ಬಳಸುವ ರೀತಿಯನ್ನೂ ನೋಡಲೇಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಷ್ಟಾದರೂ ರೋಗ ನಿಲ್ಲಲಿಲ್ಲ. ಆಗ್ನೇಯ ಇಂಗ್ಲೆಂಡಿನಲ್ಲಿ 2011ರ ಈಚೆಗೆ ಅಕಾಂತಮೀಬಾ ಸೋಂಕು ಸುಮಾರು ಮೂರು ಪಟ್ಟಾಗಿದೆ ಎಂದು ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ಚಿಕಿತ್ಸೆಯಲ್ಲಿ ಮಾತ್ರ ಭರವಸೆಯಿದೆ: ಪಾಲಿಹೆಕ್ಸನೈಡ್ ಹನಿಗೆ 2024ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು.

ನಮ್ಮ ದಕ್ಷಿಣ ಭಾರತದ ಚಿತ್ರವೇ ಬೇರೆ. ಇಲ್ಲಿ ಅಕಾಂತಮೀಬಾ ತಗುಲಿದವರಲ್ಲಿ ಹೆಚ್ಚಿನವರು ಲೆನ್ಸ್ ಕಂಡವರೇ ಅಲ್ಲ. ಕಣ್ಣಿಗೆ ಮಣ್ಣು, ಕಸ, ಕೊಳಕು ನೀರು ಬಿದ್ದವರು. ಹಾಗಾಗಿ ಲೆನ್ಸಿಲ್ಲ ಎಂದು ವೈದ್ಯರು ಈ ಅನುಮಾನವನ್ನು ಕೈಬಿಡಬಾರದು. ಲೆನ್ಸ್ ಹಾಕುವವರು ಅದಕ್ಕೆ ನಲ್ಲಿ ನೀರು ಸೋಕಿಸಬೇಡಿ. ಕಣ್ಣು ಕೆಂಪಾಗಿ ನೋಯತೊಡಗಿದರೆ ತಕ್ಷಣ ಲೆನ್ಸ್ ತೆಗೆದು, ಅದರ ಡಬ್ಬಿಯನ್ನೂ ಜೊತೆಗೊಯ್ದು, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ.