ಬೆಕ್ಕಿನ ಬಿಡಾರಕ್ಕೆ ನಾಲ್ಕು ಗಾಲಿ

ಬೆಕ್ಕನ್ನು ಹೊರಗೆ ತಿರುಗಾಡಿಸಲು ಒಂದು ತಳ್ಳುಗಾಡಿ ಕೊಳ್ಳಬೇಕು ಅಂದರೆ ಆಫೀಸಿನಲ್ಲಿ ನಗದೇ ಇದ್ದವರಿಲ್ಲ. ಅವ್ವ ಅಂತೂ ಫೋನಿನಲ್ಲಿ, "ಕೂಸಿನ ಗಾಡ್ಯಾಗ ಬೆಕ್ಕು ಕುಂಡ್ರಸ್ತಿ ಏನೋ? ನೋಡಿದ ಮಂದಿ ಏನಂದಾರು?" ಅಂತ ಕೇಳಿದಳು. ನಗುವವರು ನಗಲಿ :) ಆದರೆ ನನ್ನ ಮಟ್ಟಿಗೆ ಇದು ಶೋಕಿಯ ಮಾತಲ್ಲ.

ಸಂತೆಕಲ್ಲೂರಿನ ನಮ್ಮ ಅಜ್ಜಿ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿತ್ತು. ಅಜ್ಜಿಯ ಬೆಕ್ಕು ಬೂದಿ ನನ್ನ ಪಾಲಿಗೆ ಬಂತು. ಹತ್ತು ವರ್ಷ ಅಂಗಳ, ಮಾಳಿಗೆ, ಬಣವೆ ಅಂತ ಓಡಾಡಿದ ಜೀವ ಈಗ ಬೆಂಗಳೂರಿನ ಮೂರನೇ ಮಹಡಿಯ ಕಿಟಕಿಯಲ್ಲಿ ದಿನವಿಡೀ ಕೂತಿರುತ್ತದೆ. ಊಟ ಅರ್ಧಕ್ಕೆ ಇಳಿದಿದೆ. ಕೆಳಗೆ ಬಿಟ್ಟರೆ ಬೀದಿನಾಯಿಗಳು, ಬಿಡದಿದ್ದರೆ ಈ ಕಿಟಕಿ. ಹಾಗಾಗಿ ಗಾಡಿ.

ಅಂಗಡಿಯ ಸೈಟು ತೆರೆದರೆ ಐವತ್ತು ತರಹದ ಗಾಡಿಗಳು. ಗುಲಾಬಿ ಬಣ್ಣ, ಕಾಫಿ ಲೋಟ ಇಡುವ ಜಾಗ, ಮೂರು ಗಾಲಿ, ನಾಲ್ಕು ಗಾಲಿ... ಯಾವುದು ಬೇಕಾದದ್ದು, ಯಾವುದು ಬರೀ ಅಲಂಕಾರ? ಇಂಜಿನಿಯರಿಂಗ್ ಓದಿದವನ ಚಾಳಿ ನೋಡಿ, ಒಂದೊಂದು ಭಾಗವೂ ಯಾಕೆ ಹುಟ್ಟಿತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಬೆಕ್ಕನ್ನು ಹೊತ್ತ ಮನುಷ್ಯನ ಚರಿತ್ರೆ. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೆಕ್ಕನ್ನು ಹೊರುವ ಮೊದಲ ಸಾಧನ ತಾಯಿಬೆಕ್ಕಿನ ಬಾಯಿ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಮೇಲುಕೋಟೆ ಕಡೆಯ ಸ್ನೇಹಿತರಿಗೆ ಇದರ ಇನ್ನೊಂದು ಮುಖ ಗೊತ್ತಿರುತ್ತದೆ. ಶ್ರೀವೈಷ್ಣವರಲ್ಲಿ ತೆಂಗಲೆಯವರದು ಮಾರ್ಜಾರ ನ್ಯಾಯ, ವಡಗಲೆಯವರದು ಮರ್ಕಟ ನ್ಯಾಯ. ಕೋತಿಮರಿ ತಾನೇ ತಾಯಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಹಾಗಲ್ಲ, ಸುಮ್ಮನೆ ತನ್ನನ್ನು ಒಪ್ಪಿಸಿಕೊಂಡರೆ ಸಾಕು, ತಾಯಿಯೇ ಕಚ್ಚಿ ಎತ್ತಿಕೊಳ್ಳುತ್ತದೆ. ಮೋಕ್ಷದ ಬಗೆಗಿನ ಶತಮಾನಗಳ ಚರ್ಚೆಗೆ ಉಪಮೆಯಾಗಿ ನಿಂತದ್ದು ಬೆಕ್ಕನ್ನು ಒಯ್ಯುವ ರೀತಿ! ಆ ಸುಮ್ಮನಾಗುವಿಕೆಯನ್ನು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2008ರಲ್ಲಿ ಪರೀಕ್ಷಿಸಿ ನೋಡಿದರು. ಕತ್ತಿನ ಹಿಂದಿನ ತೊಗಲಿಗೆ ಕ್ಲಿಪ್ಪು ಹಾಕಿದರೆ ಬೆಳೆದ ಬೆಕ್ಕುಗಳಲ್ಲೂ ಬಹಳಷ್ಟು ಅಲುಗದೆ ನಿಂತವು. ಹಾಗಂತ ದೊಡ್ಡ ಬೆಕ್ಕನ್ನು ಕತ್ತು ಹಿಡಿದು ಎತ್ತಬೇಡಿ. ಮರಿಯ ಭಾರ ಬೇರೆ, ನಾಲ್ಕು ಕಿಲೋದ ಬೆಕ್ಕಿನ ಭಾರ ಬೇರೆ.

ಮನುಷ್ಯ ಬೆಕ್ಕನ್ನು ಹೊತ್ತದ್ದಕ್ಕೆ ಬಹಳ ಹಳೆಯ ಸಾಕ್ಷಿ ಸೈಪ್ರಸ್ ದ್ವೀಪದಲ್ಲಿದೆ. ಅಲ್ಲಿನ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ, ಮೊಳಕ್ಕೂ ಕಡಿಮೆ ಅಂತರದಲ್ಲಿ ಬೆಕ್ಕನ್ನು ಹೂಳಲಾಗಿತ್ತು. ಫ್ರಾನ್ಸಿನ ಸಂಶೋಧಕರು ಇದನ್ನು 2004ರಲ್ಲಿ ಪ್ರಕಟಿಸಿದರು. ಸೈಪ್ರಸ್ಸಿನಲ್ಲಿ ಬೆಕ್ಕು ತಾನಾಗಿ ಹುಟ್ಟಿದ ಪ್ರಾಣಿಯಲ್ಲ, ಸಮುದ್ರ ಈಜಿಕೊಂಡು ಹೋಗುವ ಪ್ರಾಣಿಯೂ ಅಲ್ಲ. ಯಾರೋ ದೋಣಿಯಲ್ಲಿ ಜೊತೆಗೆ ಕರೆದೊಯ್ದಿದ್ದಾರೆ. ಗಾಲಿ ಹುಟ್ಟುವುದಕ್ಕೂ ಸಾವಿರಾರು ವರ್ಷ ಮೊದಲು!

ನಮ್ಮ ಕಡೆ ಇದ್ದ ಸಾಧನಗಳು ಎರಡೇ, ಗೋಣಿಚೀಲ ಮತ್ತು ಬುಟ್ಟಿ. ಹಾಲು ಕದಿಯುವ ಬೆಕ್ಕಾದರೆ ಚೀಲದಲ್ಲಿ ತುಂಬಿ ಹಳ್ಳದಾಚೆ ಬಿಟ್ಟು ಬರುತ್ತಿದ್ದರು. ಮರಿಯನ್ನು ಬೇಕಾದವರ ಮನೆಗೆ ಕೊಡುವುದಾದರೆ ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಮೇಲೊಂದು ಬಟ್ಟೆ ಕಟ್ಟುತ್ತಿದ್ದರು. ಚೀಲ ಹೊರಗೆ ಹಾಕಲಿಕ್ಕೆ, ಬುಟ್ಟಿ ಮನೆಗೆ ತರಲಿಕ್ಕೆ. ಚೀಲದಲ್ಲಿ ಹೋದ ಬೆಕ್ಕು ನಾಲ್ಕನೇ ದಿನ ಹಿತ್ತಲಲ್ಲಿ ಹಾಜರ್ ಆದ ಕಥೆ ಪ್ರತಿ ಊರಿನಲ್ಲೂ ಇರುತ್ತದೆ. ಅದು ಬರೀ ಕಟ್ಟುಕತೆಯಲ್ಲ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ 1922ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮರಿಗಳಿಂದ ದೂರ ಒಯ್ದು ಬಿಟ್ಟ ತಾಯಿಬೆಕ್ಕು ಮೈಲಿಗಟ್ಟಲೆ ದೂರದಿಂದ ಮತ್ತೆ ಮತ್ತೆ ಮನೆಗೆ ಮರಳಿತ್ತು. ಬೆಕ್ಕಿಗೆ ಮನೆ ಎಂದರೆ ಜನ ಮಾತ್ರ ಅಲ್ಲ, ಜಾಗವೂ ಹೌದು. ಬೂದಿ ಕಿಟಕಿಯಲ್ಲಿ ಕೂತು ಏನು ಹುಡುಕುತ್ತಿದೆ ಅಂತ ಇದನ್ನು ಓದಿದ ಮೇಲೆ ನನಗೆ ಅರ್ಥವಾಯಿತು.

1871ರಲ್ಲಿ ಎರಡು ಘಟನೆ ನಡೆದವು. ಬೊಂಬಾಯಿ ಕಡೆಯಿಂದ ಮತ್ತು ಮದ್ರಾಸು ಕಡೆಯಿಂದ ಬಂದ ರೈಲು ಹಳಿಗಳು ನಮ್ಮ ರಾಯಚೂರಿನಲ್ಲಿ ಕೂಡಿದವು. ಅದೇ ವರ್ಷ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರ ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದ. ಅಷ್ಟೊಂದು ಬೆಕ್ಕುಗಳು ಪಂಜರದಲ್ಲಿ ಕೂಗಾಡಿ ರಂಪ ಮಾಡುತ್ತವೇನೋ ಅಂತ ದಾರಿಯುದ್ದಕ್ಕೂ ಹೆದರಿಕೊಂಡೇ ಹೋದನಂತೆ. ಹೋಗಿ ನೋಡಿದರೆ ಎಲ್ಲವೂ ಕೆಂಪು ಮೆತ್ತೆಗಳ ಮೇಲೆ ಆರಾಮವಾಗಿ ಮಲಗಿದ್ದವು! ಬೆಕ್ಕಿನ ಬಿಡಾರ ಬೇರೆ ಅನ್ನುತ್ತೇವಲ್ಲ, ಆ ಬಿಡಾರ ಮೆತ್ತಗಿದ್ದರೆ ಜಾತ್ರೆಯಲ್ಲೂ ನಿದ್ದೆ ಬರುತ್ತದೆ. ನೆದರ್ಲೆಂಡ್ಸಿನ ಯುಟ್ರೆಕ್ಟಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರ. ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ, ಅಡಗಲು ಡಬ್ಬ ಸಿಕ್ಕವು ಸಿಗದವುಗಳಿಗಿಂತ ಬೇಗ ಹೊಂದಿಕೊಂಡವು.

ಇನ್ನು ಗಾಡಿಗೆ ಬರೋಣ. ಮಕ್ಕಳ ಗಾಡಿಯ ಚರಿತ್ರೆ ಸಾಮಾನ್ಯವಾಗಿ 1733ರಿಂದ ಶುರುವಾಗುತ್ತದೆ. ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗಾಗಿ ವಿಲಿಯಂ ಕೆಂಟ್ ಚಿಪ್ಪಿನ ಆಕಾರದ ಪುಟ್ಟ ಬಂಡಿ ಮಾಡಿದ. ಎಳೆಯುವುದಕ್ಕೆ ಆಡು! ಆಗ ಪ್ರಾಣಿ ಎಳೆಯುತ್ತಿತ್ತು, ಮನುಷ್ಯನ ಮರಿ ಕೂತಿತ್ತು. ಈಗ ಪ್ರಾಣಿ ಕೂತಿದೆ, ಮನುಷ್ಯ ತಳ್ಳುತ್ತಾನೆ. ಸೇಡು ತೀರಿತು ಬಿಡಿ :)

ಮುಂದಿನ ಹೆಜ್ಜೆ ಗಾಲಿಯದು. ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲು ಕುಲುಕುವುದನ್ನು ತಪ್ಪಿಸಲು 1887ರಲ್ಲಿ ಗಾಳಿ ತುಂಬಿದ ಟೈರು ಮಾಡಿದ, 1888ರಲ್ಲಿ ಪೇಟೆಂಟ್ ಪಡೆದ. ಅವನಿಗಿಂತ ಮೊದಲೇ 1845ರಲ್ಲಿ ರಾಬರ್ಟ್ ಥಾಮ್ಸನ್ ಇದಕ್ಕೆ ಪೇಟೆಂಟ್ ಪಡೆದಿದ್ದ, ಅದು ಬಳಕೆಗೆ ಬರಲಿಲ್ಲ. ಡನ್‌ಲಪ್ಪನ ಕಸುಬು ಏನು ಗೊತ್ತೇ? ಪಶುವೈದ್ಯ! ದನಕುರಿಗಳ ಡಾಕ್ಟರು ಕೂಸಿಗಾಗಿ ಮಾಡಿದ ಗಾಲಿ ನನ್ನ ಬೆಕ್ಕಿನ ಗಾಡಿಗೂ ಬೇಕಾಯಿತು. ಲೆಕ್ಕ ಸುಲಭ. ಗಾಲಿ ಚಿಕ್ಕದಾದಷ್ಟೂ ಗುಂಡಿಗೆ ಬೇಗ ಬೀಳುತ್ತದೆ. ಗಟ್ಟಿ ಪ್ಲಾಸ್ಟಿಕ್ ಗಾಲಿ ಗಡಗಡ ಅನ್ನುವುದು ನಮಗೇ ಕಿರಿಕಿರಿ. ನಮ್ಮ ಕಿವಿ 20 ಕಿಲೋಹರ್ಟ್ಸಿಗೆ ನಿಂತರೆ ಬೆಕ್ಕಿನದು 60 ದಾಟುತ್ತದೆ. ಅದಕ್ಕೆ ಆ ಸದ್ದು ಹೇಗೆ ಕೇಳಬೇಡ!

1889ರಲ್ಲಿ ಅಮೆರಿಕದ ವಿಲಿಯಂ ರಿಚರ್ಡ್‌ಸನ್ ಇನ್ನೊಂದು ಪೇಟೆಂಟ್ ಪಡೆದ. ಕೂಸಿನ ತೊಟ್ಟಿಲನ್ನು ತಿರುಗಿಸಿದರೆ ಮುಖ ತಳ್ಳುವವರ ಕಡೆಗೆ ಬರುತ್ತದೆ. ಬೆಕ್ಕಿಗೆ ಇದು ಬಹಳ ಮುಖ್ಯ. ಎದುರಿಗೆ ಬಸ್ಸು, ನಾಯಿ, ಹಾರನ್ನು ಕಾಣುವುದಕ್ಕಿಂತ ಗುರುತಿನ ಮುಖ ಕಾಣುವುದು ಮೇಲು.

ಕೊನೆಯದು ಮಡಚುವ ವಿದ್ಯೆ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರದ ಚೌಕಟ್ಟಿನ ಮೇಲೆ ಕೆಲಸ ಮಾಡಿದ್ದ ಓವೆನ್ ಮೆಕ್ಲಾರೆನ್ 1965ರಲ್ಲಿ ಕೊಡೆಯಂತೆ ಮಡಚುವ ಅಲ್ಯೂಮಿನಿಯಂ ಗಾಡಿ ರೂಪಿಸಿದ. ತೂಕ ಮೂರು ಕಿಲೋಗೂ ಕಡಿಮೆ. ವಿಮಾನದ ಕಾಲು ಮಡಚಿದವನಿಗೆ ಮಗುವಿನ ಗಾಡಿ ಮಡಚುವುದು ಎಷ್ಟರ ಕೆಲಸ! ಆದರೆ ಗಮನಿಸಿ. ಮಡಚುವುದು, ಹಗುರ, ಲೋಟದ ಜಾಗ, ಇವೆಲ್ಲ ತಳ್ಳುವವನ ಅನುಕೂಲ. ಮುಚ್ಚಿಗೆ, ಗಾಲಿ, ಮುಖದ ದಿಕ್ಕು, ಇವು ಕೂರುವವರದು. ಜಾಹೀರಾತು ತೋರಿಸುವುದು ಹೆಚ್ಚಾಗಿ ಮೊದಲಿನದನ್ನು, ಯಾಕೆಂದರೆ ದುಡ್ಡು ಕೊಡುವವನು ತಳ್ಳುವವನು. ಈ ಪೇಟೆ ಈಗ ಸಣ್ಣದೂ ಅಲ್ಲ. ದಕ್ಷಿಣ ಕೊರಿಯಾದ ಜಿಮಾರ್ಕೆಟ್ ಎಂಬ ಅಂತರ್ಜಾಲ ಅಂಗಡಿಯಲ್ಲಿ 2023ರಲ್ಲಿ ಮಕ್ಕಳ ಗಾಡಿಗಿಂತ ಸಾಕುಪ್ರಾಣಿಗಳ ಗಾಡಿಯೇ ಹೆಚ್ಚು ಮಾರಾಟವಾಯಿತು.

ಹಾಗಾಗಿ ನನ್ನ ಆಯ್ಕೆ ಹೀಗೆ. ಗಾಲಿ ದೊಡ್ಡದು, ಗಾಳಿ ತುಂಬುವಂಥದು. ಹಿಡಿಕೆ ಎರಡೂ ಕಡೆ ಮಗುಚುವಂಥದು. ಮೂರು ಕಡೆ ಬಲೆ, ಹಿಂಬದಿ ಪೂರ್ತಿ ಮುಚ್ಚಿದ ಮೂಲೆ. ಒಳಗೆ ಎದೆಪಟ್ಟಿಗೆ ಸಿಕ್ಕಿಸುವ ಕೊಂಡಿ, ಕತ್ತಿನ ಪಟ್ಟಿಗಲ್ಲ. ಇಳಿಜಾರಿಗೆ ಬ್ರೇಕು. ಸ್ವಲ್ಪ ಭಾರವಾದರೂ ಸರಿ, ನಮ್ಮ ಕಟ್ಟಡದಲ್ಲಿ ಲಿಫ್ಟು ಇದೆ. ಬಿಸಿಲೇರಿದ ಮೇಲೆ ಹೊರಡುವಂತಿಲ್ಲ. ಬಲೆಯೊಳಗೂ ಕಾವು ಕೂಡುತ್ತದೆ.

ಗಾಡಿ ಬಂದು ಮೂರು ವಾರವಾಯಿತು. ಮೊದಲ ಎರಡು ವಾರ ಹಜಾರದಲ್ಲಿ ಜಿಪ್ಪು ತೆಗೆದು, ಅಜ್ಜಿಯ ಹಳೇ ಸೀರೆಯೊಂದನ್ನು ಹಾಸಿ ಸುಮ್ಮನೆ ಇಟ್ಟಿದ್ದೆ. ಬುಟ್ಟಿಯ ಕಾಲದ ಉಪಾಯ. ಒಂಬತ್ತನೇ ದಿನ ಬೂದಿ ತಾನೇ ಹತ್ತಿ ಮಲಗಿತು. ಕಳೆದ ಭಾನುವಾರ ಬೆಳಗ್ಗೆ ಆರಕ್ಕೆ ಪಾರ್ಕಿಗೆ ಹೋದೆವು. ಹತ್ತು ನಿಮಿಷ ಮೂಲೆ ಬಿಡಲಿಲ್ಲ, ಆಮೇಲೆ ಬಲೆಗೆ ಮೂಗು ಹಚ್ಚಿ ಹುಲ್ಲಿನ ವಾಸನೆ ಹಿಡಿಯಿತು. ಮನೆಗೆ ಬಂದು ತಟ್ಟೆ ಖಾಲಿ ಮಾಡಿತು.

ಅವ್ವನಿಗೆ ಹೇಳಲು ನನ್ನಲ್ಲಿ ಇನ್ನೊಂದು ಮಾತಿದೆ. ನಮ್ಮೂರಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಖಚಿತವಾಯಿತಲ್ಲ, ಅದೇ ಅಶೋಕ ತನ್ನ ಎರಡನೇ ಬಂಡೆಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಹೇಳಿಕೊಂಡಿದ್ದಾನೆ. ಚಕ್ರವರ್ತಿಗೇ ಇಲ್ಲದ ನಾಚಿಕೆ ನನಗೇಕೆ?

ನಿಮ್ಮೂರಲ್ಲಿ ಬೆಕ್ಕನ್ನು ಹೇಗೆ ಒಯ್ಯುತ್ತಿದ್ದರು? ಚೀಲವೋ, ಬುಟ್ಟಿಯೋ, ಬೇರೆ ಏನಾದರೂ ಇತ್ತೋ? ಗೊತ್ತಿದ್ದವರು ಬರೆದು ತಿಳಿಸಿ.